ಎಷ್ಟು, ಎಷ್ಟನೆಯದು, ಯಾವುದು

ಹೈದರಾಬಾದಿನ ಅಮೀರ್‌ಪೇಟೆಯ ಕೋಚಿಂಗ್ ಸೆಂಟರುಗಳಲ್ಲಿ ಮೊಬೈಲ್ ಆ್ಯಪ್ ಬರೆಯುವುದನ್ನು ಕಲಿಯುವವರಿಗೂ, ಕಲಿತು ಮಾಧಾಪುರ, ಗಚ್ಚಿಬೌಲಿ ಕಡೆ ಕೆಲಸಕ್ಕೆ ಸೇರಿದವರಿಗೂ ಶುರುವಿನಲ್ಲೇ ಒಂದು ಸಣ್ಣ ಕಿರಿಕಿರಿ ಎದುರಾಗುತ್ತದೆ. ಆ್ಯಪ್ ಸರಿಯಾಗಿ ಓಡುತ್ತದೆಯೇ ಎಂದು ನೋಡಲು ಡೇಟಾಬೇಸಿಗೆ ಹತ್ತು ಸುಳ್ಳು ಹೆಸರುಗಳನ್ನು ತುಂಬಿರುತ್ತಾರೆ. ಡೇಟಾಬೇಸ್ ಪ್ರತಿ ಸಾಲಿಗೂ ತಾನಾಗಿಯೇ 1, 2, 3 ಎಂದು ಸಂಖ್ಯೆ ಕೊಟ್ಟಿರುತ್ತದೆ. ಪರೀಕ್ಷೆ ಮುಗಿದ ಮೇಲೆ ಹತ್ತನ್ನೂ ಅಳಿಸಿ, ಮೊದಲ ನಿಜವಾದ ಹೆಸರನ್ನು ಸೇರಿಸಿದರೆ ಅದಕ್ಕೆ ಸಿಗುವುದು 1 ಅಲ್ಲ, 11.

ಕೋಷ್ಟಕದಲ್ಲಿ ಇರುವುದು ಒಂದೇ ಸಾಲು, ಅದರ ಸಂಖ್ಯೆ ಹನ್ನೊಂದು. ಏನೋ ತಪ್ಪಾಗಿದೆ ಎಂದು ಯಾರಿಗಾದರೂ ಅನಿಸುತ್ತದೆ. ಎಣಿಕೆಯನ್ನು ಮತ್ತೆ ಒಂದರಿಂದ ಶುರು ಮಾಡುವುದು ಹೇಗೆ ಎಂದು ಹುಡುಕುತ್ತಾರೆ. ದಾರಿ ಸುಲಭವಾಗಿಯೇ ಸಿಗುತ್ತದೆ, ಒಂದು ಸಾಲಿನ ಆಜ್ಞೆ ಸಾಕು. ಆದರೆ ಆ ಆಜ್ಞೆಯನ್ನು ಒತ್ತುವ ಮೊದಲು ಆ ಹನ್ನೊಂದು ಎಂಬುದು ಏನು ಹೇಳುತ್ತಿದೆ ಎಂದು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು. ಕೇಳಿಕೊಂಡವರಲ್ಲಿ ಹೆಚ್ಚಿನವರು ಆಜ್ಞೆಯನ್ನು ಒತ್ತದೆ ಬಿಡುತ್ತಾರೆ. ಬಿಡಬೇಕಾದದ್ದೂ ಸರಿಯೇ.

ಈ ವಿಷಯದಲ್ಲಿ ಕನ್ನಡ ಒಂದು ಅನುಕೂಲ ಮಾಡಿಕೊಟ್ಟಿದೆ. ಸಂಖ್ಯೆಯೊಂದು ಉತ್ತರವಾಗಬಲ್ಲ ಮೂರು ಪ್ರಶ್ನೆಗಳಿಗೆ ಕನ್ನಡದಲ್ಲಿ ಮೂರು ಬೇರೆ ಬೇರೆ ಪದಗಳಿವೆ: ಎಷ್ಟು, ಎಷ್ಟನೆಯದು, ಯಾವುದು. ಮನೆಯಲ್ಲಿ ಮಕ್ಕಳು ಎಷ್ಟು? ಇವನು ಎಷ್ಟನೆಯ ಮಗ? ಇವರಲ್ಲಿ ಊಟಕ್ಕೆ ಬಾರದವನು ಯಾವ ಮಗ? ಮೂರೂ ಬೇರೆ ಪ್ರಶ್ನೆಗಳೆಂದು ಯಾರಿಗೂ ಹೇಳಿಕೊಡಬೇಕಿಲ್ಲ. ತೆಲುಗಿನವರೂ ಮಗುವನ್ನು 'ಎನ್ನೋ ತರಗತಿ' ಎಂದು ಸಲೀಸಾಗಿ ಕೇಳುತ್ತಾರೆ. ಇಂಗ್ಲಿಷಿನಲ್ಲಿ 'ಎಷ್ಟನೆಯ' ಎಂಬುದಕ್ಕೆ ಸರಾಗವಾದ ಪದವಿಲ್ಲ. ಇವರು ದೇಶದ ಎಷ್ಟನೆಯ ಪ್ರಧಾನಿ ಎಂಬ ಪ್ರಶ್ನೆಯನ್ನು ಇಂಗ್ಲಿಷಿಗೆ ತಿರುಗಿಸಲು ಹೊರಟವರೆಲ್ಲ ಸುತ್ತಿ ಬಳಸಿ ಹೇಳಿಯೇ ಪಾರಾಗಬೇಕು.

ಡೇಟಾಬೇಸ್ ತಾನಾಗಿ ಕೊಡುವ ಸಂಖ್ಯೆ ಈ ಮೂರರಲ್ಲಿ ಕೊನೆಯ ಪ್ರಶ್ನೆಗೆ ಮಾತ್ರ ಉತ್ತರ. ಇದು ಯಾವ ಸಾಲು? ಹನ್ನೊಂದು ಎಂಬ ಸಾಲು. ಅಷ್ಟೇ. ಆದರೆ ಶುರುವಿನ ದಿನಗಳಲ್ಲಿ, ಏನನ್ನೂ ಅಳಿಸದೆ ಇರುವಷ್ಟು ಕಾಲ, ಅದು ಮೂರಕ್ಕೂ ಉತ್ತರ ಕೊಡುವಂತೆ ಕಾಣುತ್ತದೆ. ಕೊನೆಯ ಸಂಖ್ಯೆ ಐದಾದರೆ ಒಟ್ಟು ಸಾಲು ಐದು, ಕೊನೆಯದು ಐದನೆಯದು, ಅದರ ಹೆಸರೂ ಐದು. ಒಂದು ಸಾಲನ್ನು ಅಳಿಸಿದ ಕೂಡಲೇ ಮೂರೂ ಉತ್ತರಗಳು ಬೇರೆಬೇರೆಯಾಗುತ್ತವೆ. ಆಗ ಹುಟ್ಟುವುದೇ ಆ ಕಿರಿಕಿರಿ. ಎಣಿಕೆಯನ್ನು ಒಂದಕ್ಕೆ ತರಬೇಕೆಂಬ ಆಸೆಯ ಹಿಂದೆ ಇರುವುದು ಒಂದೇ ಸಂಖ್ಯೆಯಿಂದ ಮೂರೂ ಕೆಲಸ ಮಾಡಿಸಬೇಕೆಂಬ ಹಟ.

* * *

ಈ ಹಟವನ್ನು ಹಳ್ಳಿಯ ಪ್ರಾಥಮಿಕ ಶಾಲೆಗಳು ಬಹಳ ಹಿಂದೆಯೇ ಬಿಟ್ಟಿವೆ. ಮಗು ಶಾಲೆಗೆ ಸೇರಿದ ದಿನ ದಾಖಲಾತಿ ಪುಸ್ತಕದಲ್ಲಿ ಅದಕ್ಕೊಂದು ಸಂಖ್ಯೆ ಬೀಳುತ್ತದೆ. ಆ ಸಂಖ್ಯೆ ಆ ಮಗುವಿನದು. ಮಗು ಟಿ.ಸಿ. ತೆಗೆದುಕೊಂಡು ಬೇರೆ ಊರಿಗೆ ಹೋದರೂ ಮುಂದೆ ಸೇರುವ ಮಗುವಿಗೆ ಅದನ್ನು ಕೊಡುವುದಿಲ್ಲ. ತರಗತಿಯ ಹಾಜರಿ ಪುಸ್ತಕದಲ್ಲಿ ಇರುವುದು ಬೇರೆಯೇ ಸಂಖ್ಯೆ, ರೋಲ್ ನಂಬರ್. ಅದು ಪ್ರತಿ ಜೂನ್‌ನಲ್ಲಿ ಒಂದರಿಂದ ಶುರುವಾಗುತ್ತದೆ. ಹೋದ ವರ್ಷ 14 ಆಗಿದ್ದವಳು ಈ ವರ್ಷ 12 ಆಗಬಹುದು, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಮೂವತ್ತು ವರ್ಷದ ಮೇಲೆ ಜನ್ಮದಿನಾಂಕದ ದಾಖಲೆಗೆಂದು ಶಾಲೆಗೆ ಮರಳಿ ಬಂದವರನ್ನು ಹೆಡ್‌ಮಾಸ್ತರು ಕೇಳುವುದು ದಾಖಲಾತಿ ಸಂಖ್ಯೆಯನ್ನು. ರೋಲ್ ನಂಬರು ಆಗ ಯಾರ ಉಪಯೋಗಕ್ಕೂ ಬಾರದು.

ಆಸ್ಪತ್ರೆಗಳಲ್ಲೂ ಹಾಗೆಯೇ. ಬೆಳಿಗ್ಗೆ ಹೊರರೋಗಿ ವಿಭಾಗದ ಕಿಟಕಿಯಲ್ಲಿ ಕೊಡುವ ಟೋಕನ್ ದಿನವೂ ಒಂದರಿಂದ ಶುರು. ಅದು ಎಷ್ಟನೆಯವರು ಎಂಬುದಕ್ಕೆ ಉತ್ತರ. ರೋಗಿಯ ನೋಂದಣಿ ಸಂಖ್ಯೆ ಮಾತ್ರ ಹಾಗಲ್ಲ. ಎಕ್ಸ್‌ರೇ, ರಕ್ತಪರೀಕ್ಷೆಯ ಚೀಟಿ, ಹಿಂದಿನ ಔಷಧಿಗಳ ವಿವರ ಎಲ್ಲವೂ ಅದಕ್ಕೆ ಕಟ್ಟಿಕೊಂಡಿರುತ್ತವೆ. ಟೋಕನ್ನಿನ ಹಾಗೆ ನೋಂದಣಿ ಸಂಖ್ಯೆಯನ್ನೂ ದಿನ ಬೆಳಗಾದರೆ ಒಂದರಿಂದ ಶುರು ಮಾಡಿದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ.

ಸಂಖ್ಯೆಗೆ ಏನಾದರೂ ಕಟ್ಟಿಕೊಂಡಿದೆಯೇ ಎಂಬುದೇ ಇಲ್ಲಿ ನೋಡಬೇಕಾದದ್ದು. ಏನೂ ಕಟ್ಟಿಕೊಂಡಿರದ ಸಂಖ್ಯೆಯನ್ನು ಹೇಗೆ ಬೇಕಾದರೂ ಬದಲಾಯಿಸಬಹುದು. ಕಟ್ಟಿಕೊಂಡ ಮೇಲೆ ಬದಲಾಯಿಸಿದರೆ, ಆ ಕಡೆಯ ಗಂಟು ಇನ್ನಾರದೋ ಕೊರಳಿಗೆ ಬೀಳುತ್ತದೆ.

* * *

ಹೈದರಾಬಾದಿನಿಂದ ಬೆಂಗಳೂರಿಗೆ ಹೋಗುವ ರಸ್ತೆಯ ಮೇಲೆಯೇ ಇದಕ್ಕೊಂದು ದೊಡ್ಡ ಉದಾಹರಣೆ ಇದೆ. ಜಡ್ಚರ್ಲ, ಕರ್ನೂಲು, ಅನಂತಪುರ, ಬಾಗೇಪಲ್ಲಿ, ಚಿಕ್ಕಬಳ್ಳಾಪುರದ ಮೇಲೆ ಹಾದು ಬರುವ ಈ ರಸ್ತೆ ಬಹಳ ಕಾಲ ರಾಷ್ಟ್ರೀಯ ಹೆದ್ದಾರಿ 7 ಆಗಿತ್ತು. ವಾರಾಣಸಿಯಿಂದ ಕನ್ಯಾಕುಮಾರಿಯವರೆಗೆ ಹೋಗುತ್ತಿದ್ದ ಹೆದ್ದಾರಿಯ ಒಂದು ಭಾಗ ಅದು. 2010ರಲ್ಲಿ ಕೇಂದ್ರ ಸರ್ಕಾರ ದೇಶದ ಎಲ್ಲ ರಾಷ್ಟ್ರೀಯ ಹೆದ್ದಾರಿಗಳಿಗೂ ಹೊಸದಾಗಿ ಸಂಖ್ಯೆ ಕೊಟ್ಟಿತು. ಉತ್ತರ-ದಕ್ಷಿಣ ಹೋಗುವ ಮುಖ್ಯ ಹೆದ್ದಾರಿಗಳಿಗೆ ಸಮ ಸಂಖ್ಯೆ, ಪೂರ್ವದಿಂದ ಪಶ್ಚಿಮಕ್ಕೆ ಏರುತ್ತ ಹೋಗುವಂತೆ. ಪೂರ್ವ-ಪಶ್ಚಿಮ ಹೋಗುವವುಗಳಿಗೆ ಬೆಸ ಸಂಖ್ಯೆ, ಉತ್ತರದಿಂದ ದಕ್ಷಿಣಕ್ಕೆ ಏರುತ್ತ ಹೋಗುವಂತೆ. ಕಾಗದದ ಮೇಲೆ ಅಂದವಾದ ವ್ಯವಸ್ಥೆ. ಹೈದರಾಬಾದ್-ಬೆಂಗಳೂರು ರಸ್ತೆ 44 ಆಯಿತು, ಶ್ರೀನಗರದಿಂದ ಕನ್ಯಾಕುಮಾರಿಗೆ ಹೋಗುವ ಹೆದ್ದಾರಿಯ ಭಾಗವಾಗಿ. ಪುಣೆ, ಸೊಲ್ಲಾಪುರದಿಂದ ಹುಮನಾಬಾದಿನ ಮೇಲೆ ಹೈದರಾಬಾದಿಗೆ ಬಂದು ವಿಜಯವಾಡದತ್ತ ಹೋಗುವ 9 ಎಂಬ ಹೆದ್ದಾರಿ 65 ಆಯಿತು.

ಇಲ್ಲಿಯವರೆಗೆ ತೊಂದರೆ ಸಣ್ಣದು. ದೊಡ್ಡ ತೊಂದರೆ ಹುಟ್ಟಿದ್ದು ಖಾಲಿಯಾದ ಸಂಖ್ಯೆಗಳನ್ನು ಖಾಲಿ ಬಿಡದೆ ಬೇರೆ ರಸ್ತೆಗಳಿಗೆ ಕೊಟ್ಟಿದ್ದರಿಂದ. ಈಗಿನ ರಾಷ್ಟ್ರೀಯ ಹೆದ್ದಾರಿ 7 ಪಂಜಾಬಿನ ಫಾಜಿಲ್ಕಾದಿಂದ ಹೊರಟು ಚಂಡೀಗಢ, ಡೆಹ್ರಾಡೂನ್ ಕಡೆಯಿಂದ ಬದರಿನಾಥದ ಆಚೆಯ ಮಾಣಾ ಹಳ್ಳಿಗೆ ಹೋಗುತ್ತದೆ. ಈಗಿನ 9 ಪಂಜಾಬಿನಿಂದ ದೆಹಲಿಯ ಮೂಲಕ ಉತ್ತರಾಖಂಡಕ್ಕೆ ಹೋಗುತ್ತದೆ. ಹೈದರಾಬಾದಿನ ರಸ್ತೆಗೆ ಬಂದ 44 ಕೂಡ ಹೊಸದಲ್ಲ. ಅದು ಮೊದಲು ಮೇಘಾಲಯ, ತ್ರಿಪುರಾಗಳ ರಸ್ತೆಯ ಸಂಖ್ಯೆಯಾಗಿತ್ತು.

ಕರ್ನಾಟಕದಲ್ಲಿ ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ತುಮಕೂರಿನವರಿಗೆ 'ಎನ್‌ಎಚ್ ಫೋರ್' ಎಂದರೆ ಬೇರೆ ವಿವರಣೆ ಬೇಕಿರಲಿಲ್ಲ. ಆ ರಸ್ತೆ ಈಗ 48. ರಾಷ್ಟ್ರೀಯ ಹೆದ್ದಾರಿ 4 ಎಂಬುದು ಈಗ ಅಂಡಮಾನ್ ದ್ವೀಪಗಳಲ್ಲಿದೆ. ಕರಾವಳಿಯ 17 ಈಗ 66. ಹದಿನೇಳನ್ನು ಹುಡುಕಿಕೊಂಡು ಹೊರಟರೆ ಗುವಾಹಟಿ ಸಿಗುತ್ತದೆ. ಊರಿನವರು ಇಂದಿಗೂ ಹಳೆಯ ಸಂಖ್ಯೆಯಲ್ಲೇ ಮಾತಾಡಿಕೊಂಡು ಕಷ್ಟವಿಲ್ಲದೆ ಇದ್ದಾರೆ, ಏಕೆಂದರೆ ಅವರಿಗೆ ರಸ್ತೆ ಕಣ್ಣೆದುರಿಗಿದೆ. ಕಷ್ಟ ಬರುವುದು ಕಾಗದಗಳಿಗೆ. 2005ರಲ್ಲಿ ಬರೆದ ಕ್ರಯಪತ್ರವೊಂದರ ಚಕ್ಕುಬಂದಿಯಲ್ಲಿ 'ಪೂರ್ವಕ್ಕೆ ರಾಷ್ಟ್ರೀಯ ಹೆದ್ದಾರಿ 7' ಎಂದಿದ್ದರೆ, ಅದನ್ನು 2045ರಲ್ಲಿ ಓದುವ ವಕೀಲರಿಗೆ ಅದು ಯಾವ ರಸ್ತೆ ಎಂದು ಹೇಳುವವರು ಬೇಕು. ಸಂಖ್ಯೆ ಸತ್ತುಹೋಗಿದ್ದರೆ ಅವರಿಗೆ ಅನುಮಾನವಾದರೂ ಬರುತ್ತಿತ್ತು. ಸಂಖ್ಯೆ ಜೀವಂತವಾಗಿದೆ, ಬೇರೆ ರಸ್ತೆಯನ್ನು ತೋರಿಸುತ್ತಿದೆ. ಕಳೆದುಹೋದ ಉತ್ತರಕ್ಕಿಂತ ತಪ್ಪು ಉತ್ತರ ಹೆಚ್ಚು ಅಪಾಯದ್ದು.

ಅದೇ 2010ರ ಡಿಸೆಂಬರ್ 20ರಂದು ಭಾರತೀಯ ರೈಲ್ವೆಯೂ ತನ್ನ ರೈಲುಗಳ ಸಂಖ್ಯೆಗಳನ್ನು ಬದಲಾಯಿಸಿತು. ನಾಲ್ಕು ಅಂಕಿ ಸಾಲದೆ ಬಂದು ಐದು ಅಂಕಿ ಬೇಕಾಗಿತ್ತು. ಅವರು ಎಲ್ಲವನ್ನೂ ಅಳಿಸಿ ಒಂದರಿಂದ ಶುರು ಮಾಡಲಿಲ್ಲ. ಬಹುಪಾಲು ಎಕ್ಸ್‌ಪ್ರೆಸ್ ರೈಲುಗಳ ಹಳೆಯ ಸಂಖ್ಯೆಯ ಮುಂದೆ 1 ಸೇರಿಸಿದರು. ಎರಡರಿಂದ ಶುರುವಾಗುತ್ತಿದ್ದ ಸೂಪರ್‌ಫಾಸ್ಟ್ ರೈಲುಗಳು ಹನ್ನೆರಡರಿಂದ ಶುರುವಾದವು. ಹಳೆಯ ಟಿಕೆಟನ್ನು ನೋಡಿದವರಿಗೆ ಹೊಸದರೊಳಗೆ ಹಳೆಯದು ಕಾಣುತ್ತದೆ. ಎರಡು ಇಲಾಖೆಗಳು ಒಂದೇ ವರ್ಷ ಒಂದೇ ಬಗೆಯ ಕೆಲಸ ಮಾಡಿದವು, ಒಂದು ಮಾತ್ರ ಹಳೆಯ ಕಾಗದಗಳನ್ನೂ ನೆನಪಿನಲ್ಲಿಟ್ಟುಕೊಂಡಿತು.

ವಾಹನಗಳ ವಿಷಯದಲ್ಲೂ ಹೈದರಾಬಾದು ಪಾಠ ಕಲಿಯುವ ಊರು. 2014ರಲ್ಲಿ ತೆಲಂಗಾಣ ರಾಜ್ಯವಾದಾಗ 'ಎಪಿ' ಹೋಗಿ 'ಟಿಎಸ್' ಬಂತು. 2024ರ ಮಾರ್ಚ್‌ನಲ್ಲಿ ಅದೂ ಹೋಗಿ 'ಟಿಜಿ' ಬಂತು. ಎರಡು ಸಲವೂ ಹೊಸ ಅಕ್ಷರಗಳ ಮುಂದೆ ಹೊಸ ಎಣಿಕೆ ಶುರುವಾಯಿತು. ಆದರೆ ಓಡುತ್ತಿರುವ ಹಳೆಯ ಗಾಡಿಗಳ ಫಲಕಗಳು ಹಾಗೇ ಉಳಿದವು. ಇಂದು ಪಂಜಗುಟ್ಟದ ಸಿಗ್ನಲ್ಲಿನಲ್ಲಿ ಎಪಿ, ಟಿಎಸ್, ಟಿಜಿ ಮೂರೂ ಅಕ್ಕಪಕ್ಕ ನಿಂತಿರುತ್ತವೆ. ನೋಡಲು ಒಪ್ಪವಾಗಿಲ್ಲ. ಆದರೆ ಪ್ರತಿ ಗಾಡಿಯ ವಿಮೆ, ಸಾಲ, ದಂಡದ ಚೀಟಿ ಎಲ್ಲವೂ ಆಯಾ ಗಾಡಿಯ ಹಿಂದೆಯೇ ಇವೆ. ಅಕ್ಷರ ಬದಲಾದದ್ದರಿಂದ 0001 ಮತ್ತೆ ಬಂದರೂ ಅದು ಹಳೆಯ 0001 ಜೊತೆ ಬೆರೆಯುವುದಿಲ್ಲ. ಎಣಿಕೆಯನ್ನು ಒಂದರಿಂದ ಶುರು ಮಾಡಲೇಬೇಕಾದರೆ ಅದಕ್ಕೆ ಇರುವ ಮರ್ಯಾದೆಯ ದಾರಿ ಇದು.

* * *

ಇನ್ನು ಫೋನಿನೊಳಕ್ಕೆ ಬರೋಣ. ಆಂಡ್ರಾಯ್ಡ್ ಇರಲಿ ಐಫೋನ್ ಇರಲಿ, ಆ್ಯಪ್‌ಗಳು ಹೆಚ್ಚಾಗಿ ತಮ್ಮ ಮಾಹಿತಿ ಇಡುವುದು ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸಿನಲ್ಲಿ. ರಿಚರ್ಡ್ ಹಿಪ್ ಎಂಬ ಅಮೆರಿಕದ ಪ್ರೋಗ್ರಾಮರ್ 2000ದಲ್ಲಿ ಬರೆದು ಹೊರಬಿಟ್ಟದ್ದು ಅದು. ಅದರಲ್ಲಿ ಸಾಲುಗಳಿಗೆ ತಾನಾಗಿ ಸಂಖ್ಯೆ ಕೊಡುವ ಎರಡು ರೀತಿಗಳಿವೆ, ಎರಡಕ್ಕೂ ಇರುವ ವ್ಯತ್ಯಾಸ ಬಹಳ ಜನರಿಗೆ ಗೊತ್ತಿರುವುದಿಲ್ಲ.

ಮೊದಲನೆಯದು ಸಾಧಾರಣ ರೀತಿ. ಈಗ ಕೋಷ್ಟಕದಲ್ಲಿರುವ ಅತಿ ದೊಡ್ಡ ಸಂಖ್ಯೆಗೆ ಒಂದು ಕೂಡಿಸಿ ಮುಂದಿನ ಸಾಲಿಗೆ ಕೊಡುತ್ತದೆ. 41 ಸಾಲುಗಳಿದ್ದು ನಲವತ್ತೊಂದನೆಯದನ್ನು ಅಳಿಸಿದರೆ, ಮುಂದೆ ಬರುವ ಸಾಲಿಗೆ ಮತ್ತೆ 41 ಸಿಗುತ್ತದೆ. ಎರಡನೆಯದು ಆಟೊಇನ್‌ಕ್ರಿಮೆಂಟ್ ಎಂದು ಹೇಳಿ ಮಾಡಿಸಿಕೊಳ್ಳುವ ರೀತಿ. ಆಗ ಡೇಟಾಬೇಸ್ ಇದುವರೆಗೆ ಕೊಟ್ಟ ಅತಿ ದೊಡ್ಡ ಸಂಖ್ಯೆ ಯಾವುದೆಂದು ಬೇರೊಂದು ಪುಟ್ಟ ಕೋಷ್ಟಕದಲ್ಲಿ ಬರೆದಿಟ್ಟುಕೊಳ್ಳುತ್ತದೆ. ಎಲ್ಲ ಸಾಲುಗಳನ್ನು ಅಳಿಸಿದರೂ ಆ ಟಿಪ್ಪಣಿ ಉಳಿಯುತ್ತದೆ. ಆದ್ದರಿಂದಲೇ ಹತ್ತು ಅಳಿಸಿದ ಮೇಲೆ ಹನ್ನೊಂದು ಬರುವುದು. ಆಂಡ್ರಾಯ್ಡ್‌ನಲ್ಲಿ ಬಳಸುವ ರೂಮ್ ಎಂಬ ಸಲಕರಣೆಯಲ್ಲಿ ಎಲ್ಲ ಕೋಷ್ಟಕಗಳನ್ನೂ ಖಾಲಿ ಮಾಡುವ ಆಜ್ಞೆ ಇದೆ. ಅದೂ ಈ ಎಣಿಕೆಯನ್ನು ಮುಟ್ಟುವುದಿಲ್ಲ. ಇದು ಮರೆತು ಬಿಟ್ಟದ್ದಲ್ಲ, ಬೇಕೆಂದೇ ಮಾಡಿದ ಏರ್ಪಾಡು.

ಆ ಟಿಪ್ಪಣಿಯಲ್ಲಿನ ಸಾಲನ್ನು ಅಳಿಸುವುದೋ, ಸೊನ್ನೆಗೆ ತರುವುದೋ ಮಾಡಿದರೆ ಎಣಿಕೆ ಹಿಂದಕ್ಕೆ ಹೋಗುತ್ತದೆ. ಎಲ್ಲರೂ ಹುಡುಕಿಕೊಂಡು ಹೋಗುವ ಒಂದು ಸಾಲಿನ ಆಜ್ಞೆ ಇದೇ. ಆದರೆ ಅದರಿಂದಲೂ ಎಲ್ಲರ ಆಸೆ ತೀರುವುದಿಲ್ಲ. ಕೋಷ್ಟಕದಲ್ಲಿ 41 ಇನ್ನೂ ಇದ್ದರೆ, ಟಿಪ್ಪಣಿಯನ್ನು ಸೊನ್ನೆ ಮಾಡಿದರೂ ಮುಂದಿನದು 42 ಆಗಿಯೇ ಬರುತ್ತದೆ. ನಡುವೆ ಬಿಟ್ಟುಹೋದ 7, 15, 23ರ ಜಾಗಗಳು ತುಂಬಿಕೊಳ್ಳುವುದಿಲ್ಲ. ಅವನ್ನೂ ಸರಿಮಾಡಬೇಕೆಂದರೆ ಬದುಕಿರುವ ಸಾಲುಗಳಿಗೇ ಹೊಸ ಸಂಖ್ಯೆ ಕೊಡಬೇಕು. ಅದು 2010ರ ಹೆದ್ದಾರಿಗಳ ಕೆಲಸ.

ಇದರಿಂದ ಆಗುವ ಹಾನಿ ಎಂಥದು? ಬೇಗಂಬಜಾರಿನ ಕಿರಾಣಿ ಅಂಗಡಿಯೊಂದನ್ನು ಊಹಿಸಿಕೊಳ್ಳಿ. ಸಾಲದ ಲೆಕ್ಕ ಬರೆಯುವ ಕೆಂಪು ಖಾತೆ ಪುಸ್ತಕ ಬಿಟ್ಟು ಅಂಗಡಿಯವರು ಫೋನಿನ ಆ್ಯಪ್ ಹಿಡಿದಿದ್ದಾರೆ. ಗ್ರಾಹಕರದೊಂದು ಕೋಷ್ಟಕ, ಸಾಲದ ನಮೂದುಗಳದೊಂದು ಕೋಷ್ಟಕ. ಪ್ರತಿ ನಮೂದಿನಲ್ಲೂ ಇರುವುದು ಗ್ರಾಹಕರ ಹೆಸರಲ್ಲ, ಅವರ ಸಂಖ್ಯೆ. ಕೊನೆಗೆ ಸೇರಿದ 41ನೆಯ ಸಂಖ್ಯೆಯ ಗ್ರಾಹಕರು ಮನೆ ಖಾಲಿ ಮಾಡಿಕೊಂಡು ಹೋದರು. ಅಂಗಡಿಯವರು ಅವರ ಹೆಸರನ್ನು ಅಳಿಸಿದರು. ಹೆಸರು ಹೋಯಿತು, 41ರ ಹೆಸರಿನಲ್ಲಿದ್ದ ಸಾಲದ ನಮೂದುಗಳು ಉಳಿದವು. ಒಂದು ಕೋಷ್ಟಕದ ಸಂಖ್ಯೆಗೆ ಇನ್ನೊಂದರಲ್ಲಿ ಮಾಲೀಕರಿದ್ದಾರೆಯೇ ಎಂದು ಎಸ್‌ಕ್ಯೂಲೈಟ್ ತಾನಾಗಿ ನೋಡುವುದಿಲ್ಲ, ನೋಡು ಎಂದು ಪ್ರತಿ ಸಲ ಹೇಳಬೇಕು. ಮಾರನೆಯ ದಿನ ಆ ಬೀದಿಗೆ ಹೊಸದಾಗಿ ಬಂದ ಹೆಂಗಸೊಬ್ಬರು ಖಾತೆ ಶುರು ಮಾಡಿದರು. ಅವರಿಗೆ ಸಿಕ್ಕಿದ್ದು 41. ತಿಂಗಳ ಕೊನೆಯಲ್ಲಿ ಅಂಗಡಿಯವರು, 'ಅಮ್ಮಾ, ನಿಮ್ಮದು ಇನ್ನೂ 1,860 ಬಾಕಿ ಇದೆ' ಎನ್ನುತ್ತಾರೆ. ಅವರು ತಂದಿದ್ದು ಎರಡು ಕಿಲೋ ಬೇಳೆ, ಒಂದು ಸೋಪು.

ಅಂಗಡಿಯವರು ಸುಳ್ಳು ಹೇಳುತ್ತಿಲ್ಲ, ಫೋನು ಹಾಗೆ ತೋರಿಸುತ್ತಿದೆ. ಆ ಹೆಂಗಸೂ ಸುಳ್ಳು ಹೇಳುತ್ತಿಲ್ಲ. ಇಬ್ಬರ ನಡುವೆ ಹುಟ್ಟಿದ ಅನುಮಾನಕ್ಕೆ ಕಾರಣ ಎಲ್ಲೋ ಯಾರೋ ಸಂಖ್ಯೆಗಳು ಚೆಂದ ಕಾಣಲಿ ಎಂದುಕೊಂಡದ್ದು. ಖಾತೆಯ ಜಾಗದಲ್ಲಿ ಅಂಗನವಾಡಿಯ ಲಸಿಕೆ ಪಟ್ಟಿ ಇದ್ದರೆ? ಮೊಮ್ಮಗ ಅಜ್ಜಿಯ ಫೋನಿಗೆ ಹಾಕಿಕೊಟ್ಟ, ಮಾತ್ರೆ ನುಂಗುವ ಹೊತ್ತು ನೆನಪಿಸುವ ಆ್ಯಪ್ ಇದ್ದರೆ? ಅಲ್ಲಿ ಹೋಗುವುದು ಹಣವಷ್ಟೇ ಅಲ್ಲ.

ಫೋನು ತನ್ನ ಮಾಹಿತಿಯನ್ನು ದೂರದ ಸರ್ವರಿನ ಜೊತೆ ಹಂಚಿಕೊಳ್ಳುವಾಗ ಕಷ್ಟ ಇನ್ನೂ ಹೆಚ್ಚು. ಫೋನಿನಲ್ಲಿ ಎಣಿಕೆ ಒಂದಕ್ಕೆ ಹೋದದ್ದು ಸರ್ವರಿಗೆ ಗೊತ್ತಿಲ್ಲ. ಅದರ ಪಾಲಿಗೆ 3 ಎಂದರೆ ಹೋದ ವರ್ಷ ಬಂದ 3. ಹೊಸ 3 ಬಂದಾಗ ಅದು ಹಳೆಯದರ ತಿದ್ದುಪಡಿ ಎಂದು ತಿಳಿದು ಅದರ ಮೇಲೆಯೇ ಬರೆದುಬಿಡುತ್ತದೆ. ಹಳೆಯದು ಅಳಿದುಹೋಯಿತೆಂದು ಯಾರಿಗೂ ಸುದ್ದಿ ಹೋಗುವುದಿಲ್ಲ.

ಸರ್ವರುಗಳಲ್ಲಿ ಓಡುವ ಮೈಎಸ್‌ಕ್ಯೂಎಲ್ ಎಂಬ ದೊಡ್ಡ ಡೇಟಾಬೇಸಿನಲ್ಲಿ ಇಂಥ ತೊಂದರೆ ಯಾರೂ ಕೇಳದೆಯೇ ಬರುತ್ತಿತ್ತು. ಅದರ ಮುಖ್ಯ ಭಾಗವಾದ ಇನ್ನೋಡಿಬಿ ಎಣಿಕೆಯನ್ನು ಡಿಸ್ಕಿನಲ್ಲಿ ಬರೆದಿಡದೆ ಮೆಮೊರಿಯಲ್ಲಿ ಮಾತ್ರ ಇಟ್ಟುಕೊಳ್ಳುತ್ತಿತ್ತು. ಕಂಪ್ಯೂಟರ್ ಆರಿಸಿ ಹಚ್ಚಿದರೆ, ಉಳಿದ ಸಾಲುಗಳಲ್ಲಿ ದೊಡ್ಡದನ್ನು ನೋಡಿಕೊಂಡು ಅಲ್ಲಿಂದ ಮುಂದುವರಿಯುತ್ತಿತ್ತು. ಅಳಿಸಿದ ಸಾಲಿನ ಸಂಖ್ಯೆ ಮತ್ತೆ ಬೇರೆಯವರಿಗೆ ಹೋಗುತ್ತಿತ್ತು. ಇದು ದೋಷವೆಂದು 2003ರಲ್ಲಿ ದೂರು ದಾಖಲಾಯಿತು. ಸರಿಯಾದದ್ದು 2018ರಲ್ಲಿ, 8.0 ಆವೃತ್ತಿ ಬಂದಾಗ. ಹದಿನೈದು ವರ್ಷ ಜನ ಇದು ದೋಷ ಎಂದು ದೂರುತ್ತಿದ್ದದ್ದನ್ನೇ ಹೊಸಬರು ಒಂದು ಸವಲತ್ತು ಎಂಬಂತೆ ಹುಡುಕುತ್ತಾರೆ.

* * *

ಇದಕ್ಕೆ ಎದುರಾಗಿ ಹೇಳಬಹುದಾದ ಮಾತುಗಳೂ ಇವೆ.

ಮೊದಲನೆಯದು, ಸಂಖ್ಯೆಗಳು ಮುಗಿದುಹೋದರೆ ಎಂಬ ಭಯ. ಎಸ್‌ಕ್ಯೂಲೈಟ್ ಕೊಡಬಲ್ಲ ಅತಿ ದೊಡ್ಡ ಸಂಖ್ಯೆಗೆ ಹತ್ತೊಂಬತ್ತು ಅಂಕಿಗಳಿವೆ. ಸೆಕೆಂಡಿಗೆ ಸಾವಿರ ಸಾಲಿನಂತೆ ಹಗಲು ರಾತ್ರಿ ಸೇರಿಸುತ್ತ ಹೋದರೂ ಅದು ಮುಗಿಯಲು ಸುಮಾರು 29 ಕೋಟಿ ವರ್ಷ ಬೇಕು. ಈ ಭಯವನ್ನು ಬಿಡಬಹುದು.

ಎರಡನೆಯದು ಕಾನೂನಿನ ಮಾತು. ಜಿಎಸ್‌ಟಿ ನಿಯಮದ ಪ್ರಕಾರ ಬಿಲ್ಲುಗಳಿಗೆ ಒಂದರ ಹಿಂದೆ ಒಂದರಂತೆ ಕ್ರಮಸಂಖ್ಯೆ ಇರಬೇಕು, ಹದಿನಾರು ಅಕ್ಷರ ಮೀರಬಾರದು, ಆರ್ಥಿಕ ವರ್ಷದೊಳಗೆ ಒಂದು ಸಂಖ್ಯೆ ಎರಡು ಸಲ ಬರಬಾರದು. ಆದ್ದರಿಂದ ಅಂಗಡಿಗಳು ಏಪ್ರಿಲ್ 1ಕ್ಕೆ ಹೊಸ ಎಣಿಕೆ ಶುರು ಮಾಡುತ್ತವೆ. ಇದು ನ್ಯಾಯವಾದ ಅಗತ್ಯ. ಆದರೆ ಇದು ಕೇಳುವುದು 'ಎಷ್ಟನೆಯದು' ಎಂಬ ಪ್ರಶ್ನೆಯನ್ನು. ಅದಕ್ಕೆ ಬೇರೆಯೇ ಒಂದು ಕಾಲಮ್ ಇಟ್ಟು, ವರ್ಷದ ಗುರುತನ್ನು ಮುಂದೆ ಹಾಕಿ, ಎಣಿಕೆಯನ್ನು ಆ್ಯಪ್ ತಾನೇ ನೋಡಿಕೊಳ್ಳಬೇಕು. ಸಾಲಿನ ಗುರುತನ್ನೇ ಬಿಲ್ಲಿನ ಸಂಖ್ಯೆ ಮಾಡಿದವರು ಅಳಿಸಿದ ಸಾಲಿಗೊಂದು ಖಾಲಿ ಬಿಟ್ಟು, ಆಮೇಲೆ ಲೆಕ್ಕ ಪರಿಶೋಧಕರ ಮುಂದೆ ವಿವರಣೆ ಕೊಡಬೇಕಾಗುತ್ತದೆ. ಎರಡನ್ನೂ ಬೇರೆ ಇಟ್ಟವರಿಗೆ ಆ ಪೇಚಾಟವಿಲ್ಲ.

ಮೂರನೆಯದು ಕಣ್ಣಿಗೆ ಕಾಣುವುದರ ಮಾತು. ಪರದೆಯ ಮೇಲೆ 1, 2, 5, 9 ಎಂದು ಕಂಡರೆ ಬಳಸುವವರಿಗೆ ಗಲಿಬಿಲಿಯಾಗುತ್ತದೆ. ನಿಜ. ಹಾಗಾದರೆ ಆ ಸಂಖ್ಯೆಯನ್ನು ಪರದೆಯ ಮೇಲೆ ತೋರಿಸುವುದೇ ಬೇಡ. ಪಟ್ಟಿ ತೋರಿಸುವಾಗ ಮೇಲಿನಿಂದ ಎಣಿಸಿ 1, 2, 3, 4 ಎಂದು ಹಾಕಿದರಾಯಿತು. ಎಸ್‌ಕ್ಯೂಲೈಟ್‌ಗೇ 2018ರಿಂದ ಸಾಲುಗಳನ್ನು ತೋರಿಸುವ ಹೊತ್ತಿಗೆ ಎಣಿಸಿ ಕೊಡುವುದು ಗೊತ್ತು. ರೋಲ್ ನಂಬರಿನ ಹಾಗೆ ಅದು ಪ್ರತಿ ಸಲ ಹೊಸದಾಗಿ ಹುಟ್ಟಿ ಪ್ರತಿ ಸಲ ಸಾಯಲಿ.

ಗುರುತಿನ ಸಂಖ್ಯೆಯನ್ನು ಹೊರಗೆ ತೋರಿಸದಿರಲು ಇನ್ನೂ ಒಂದು ಕಾರಣವಿದೆ. ಸಾಲಾಗಿ ಬರುವ ಸಂಖ್ಯೆ 'ಎಷ್ಟು' ಎಂಬ ಗುಟ್ಟನ್ನು ಬಿಟ್ಟುಕೊಡುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿ ತಿಂಗಳಿಗೆ ಎಷ್ಟು ಟ್ಯಾಂಕು ಕಟ್ಟುತ್ತದೆಂದು ತಿಳಿಯಲು ಮಿತ್ರರಾಷ್ಟ್ರಗಳ ಸಂಖ್ಯಾಶಾಸ್ತ್ರಜ್ಞರು ಸೆರೆಸಿಕ್ಕ ಟ್ಯಾಂಕುಗಳ ಬಿಡಿಭಾಗಗಳ ಮೇಲಿನ ಸಂಖ್ಯೆಗಳನ್ನು ನೋಡಿದರು. 1942ರ ಆಗಸ್ಟ್‌ಗೆ ಗೂಢಚಾರರ ಅಂದಾಜು 1,550. ಸಂಖ್ಯೆ ನೋಡಿದವರ ಅಂದಾಜು 327. ಯುದ್ಧ ಮುಗಿದ ಮೇಲೆ ಸಿಕ್ಕ ಜರ್ಮನರ ದಾಖಲೆಯಲ್ಲಿ ಇದ್ದದ್ದು 342. ಹೊಸ ಆ್ಯಪ್‌ನಲ್ಲಿ 'ನಿಮ್ಮ ಆರ್ಡರ್ ಸಂಖ್ಯೆ 3' ಎಂದು ಬಂದರೆ ವ್ಯಾಪಾರ ಎಷ್ಟು ನಡೆಯುತ್ತಿದೆ ಎಂದು ಗಿರಾಕಿಗೆ ತಿಳಿದುಹೋಗುತ್ತದೆ. ಹಳೆಯ ಅಂಗಡಿಯವರು ಬಿಲ್ ಪುಸ್ತಕವನ್ನು 101ರಿಂದ ಅಚ್ಚು ಹಾಕಿಸುತ್ತಿದ್ದದ್ದು ಸುಮ್ಮನೆ ಅಲ್ಲ.

* * *

ಹಾಗಾದರೆ ಎಣಿಕೆಯನ್ನು ಒಂದಕ್ಕೆ ತರುವುದು ಯಾವಾಗಲೂ ತಪ್ಪೇ? ಅಲ್ಲ. ಆ್ಯಪ್ ಇನ್ನೂ ಬರೆಯುವವರ ಮೇಜಿನ ಮೇಲೆಯೇ ಇದ್ದು, ಒಳಗಿರುವುದೆಲ್ಲ ಸುಳ್ಳು ಹೆಸರುಗಳಾಗಿದ್ದರೆ ಯಾವ ತಪ್ಪೂ ಇಲ್ಲ. ಆಗ ಆಜ್ಞೆಯೂ ಬೇಕಿಲ್ಲ. ಆ್ಯಪ್‌ನ ಮಾಹಿತಿಯನ್ನೆಲ್ಲ ಒರೆಸಿಹಾಕಿ ಅಥವಾ ಆ್ಯಪನ್ನೇ ತೆಗೆದು ಮತ್ತೆ ಹಾಕಿದರೆ ಎಣಿಕೆಯೂ ಅದರೊಡನೆ ಹೋಗುತ್ತದೆ. ಒಬ್ಬರೇ ಒಬ್ಬರು ನಿಜವಾದ ಬಳಕೆದಾರರು ಅದರೊಳಗೆ ಒಂದು ಹೆಸರು ಬರೆದ ಮೇಲೆ ಮಾತ್ರ ಲೆಕ್ಕ ಬೇರೆ. ಆ ಹೆಸರಿಗೆ ಏನೇನು ಕಟ್ಟಿಕೊಂಡಿದೆ, ಯಾವ ಬ್ಯಾಕಪ್ಪಿನಲ್ಲಿ ಕೂತಿದೆ, ಯಾರಿಗೆ ಕಳಿಸಿದ ಪಟ್ಟಿಯಲ್ಲಿದೆ ಎಂಬುದೆಲ್ಲ ಬರೆದವರ ಕೈಯಲ್ಲಿ ಉಳಿಯುವುದಿಲ್ಲ.

ಇನ್ನೂ ಕೆಲವೊಮ್ಮೆ ಸಂಖ್ಯೆ ಬದಲಾಯಿಸಲೇಬೇಕಾಗುತ್ತದೆ. ಅದನ್ನು ಹೇಗೆ ಮಾಡಬೇಕೆಂಬುದಕ್ಕೆ ಮಾದರಿ ಹುಡುಕುವವರು ಶ್ರವಣಬೆಳಗೊಳಕ್ಕೆ ಹೋಗಬಹುದು. ಅಲ್ಲಿನ ಶಾಸನಗಳನ್ನು ಬಿ.ಎಲ್. ರೈಸ್ 1889ರಲ್ಲಿ ಮೊದಲು ಪ್ರಕಟಿಸಿದಾಗ ಇದ್ದದ್ದು 144. ಆರ್. ನರಸಿಂಹಾಚಾರ್ಯರು 1923ರಲ್ಲಿ ತಂದ ಪರಿಷ್ಕೃತ ಆವೃತ್ತಿಯಲ್ಲಿ 500 ಆದವು. 1973ರ ಆವೃತ್ತಿಯ ಹೊತ್ತಿಗೆ 573. ಹೊಸದಾಗಿ ಸಿಕ್ಕ ಶಾಸನಗಳನ್ನು ಕೊನೆಗೆ ಅಂಟಿಸದೆ ಬೆಟ್ಟ, ಬಸದಿಗಳ ಕ್ರಮದಲ್ಲಿ ಜೋಡಿಸಿದ್ದರಿಂದ ಸಂಖ್ಯೆಗಳು ಬದಲಾದವು. ಚಿಕ್ಕಬೆಟ್ಟದ ಪಾರ್ಶ್ವನಾಥ ಬಸದಿಯ ಮಲ್ಲಿಷೇಣ ಪ್ರಶಸ್ತಿ ರೈಸರಲ್ಲಿ 54, ನರಸಿಂಹಾಚಾರ್ಯರಲ್ಲಿ 67. ಗೊಮ್ಮಟನನ್ನು ಕುರಿತ ಬೊಪ್ಪಣ ಪಂಡಿತನ ಕನ್ನಡ ಕಾವ್ಯಶಾಸನ 85 ಇದ್ದದ್ದು 234 ಆಯಿತು.

ಅಷ್ಟರಲ್ಲಿ ಎಷ್ಟೋ ಪುಸ್ತಕಗಳು, ಲೇಖನಗಳು 54, 85 ಎಂದೇ ಬರೆದಾಗಿತ್ತು. ಆದರೆ ಆ ಬರಹಗಳು ಅನಾಥವಾಗಲಿಲ್ಲ, ಏಕೆಂದರೆ ಹೊಸ ಸಂಖ್ಯೆಯ ಜೊತೆಗೆ ಹಳೆಯದನ್ನೂ ಕೊಡುವ ಪದ್ಧತಿ ಬೆಳೆಯಿತು. ಇಂದಿಗೂ ಸಂಶೋಧಕರು ಆ ಶಾಸನಗಳನ್ನು ಹೆಸರಿಸುವಾಗ ಒಂದು ಸಂಖ್ಯೆ ಬರೆದು ಇನ್ನೊಂದನ್ನು ಆವರಣದಲ್ಲಿ ಹಾಕುತ್ತಾರೆ. ಓದಲು ತುಸು ತೊಡಕು. ಆದರೆ ನೂರು ವರ್ಷದ ಹಿಂದಿನ ಅಡಿಟಿಪ್ಪಣಿಯನ್ನು ಹಿಡಿದು ಹೊರಟ ವಿದ್ಯಾರ್ಥಿ ಸರಿಯಾದ ಕಲ್ಲಿನ ಮುಂದೆಯೇ ಹೋಗಿ ನಿಲ್ಲುತ್ತಾಳೆ. ಆ್ಯಪ್‌ನಲ್ಲೂ ಬೇಕಾದದ್ದು ಇದೇ: ಹಳೆಯದು ಯಾವುದು, ಹೊಸದು ಯಾವುದು ಎಂದು ಜೋಡಿ ಜೋಡಿಯಾಗಿ ಬರೆದಿಟ್ಟ ಒಂದು ಕೋಷ್ಟಕ, ಮತ್ತು ಅದನ್ನು ಅಳಿಸದಿರುವ ಶಿಸ್ತು.

ಶ್ರವಣಬೆಳಗೊಳದವರಿಗೆ ಹಾಗೆ ಮಾಡಲು ಒಂದು ಬಲವಾದ ಕಾರಣವಾದರೂ ಇತ್ತು. ಒಂದು ಬಸದಿಯ ಶಾಸನಗಳು ಒಂದೇ ಕಡೆ ಸಿಗಲಿ ಎಂಬುದು ಓದುಗರಿಗೆ ಉಪಯೋಗದ ಮಾತು. ಫೋನಿನ ಡೇಟಾಬೇಸಿನ ಸಾಲುಗಳನ್ನು ಹಾಗೆ ಕ್ರಮದಲ್ಲಿ ಓದುವವರು ಯಾರೂ ಇಲ್ಲ. ಅಲ್ಲಿನ ಬಿಟ್ಟ ಸಂಖ್ಯೆಗಳು ಬರೆದವರನ್ನು ಬಿಟ್ಟರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಆ ಒಬ್ಬರ ಕಣ್ಣಿನ ಸಮಾಧಾನಕ್ಕಾಗಿ ಬೇರೆಯವರ ಲೆಕ್ಕವನ್ನು ಪಣಕ್ಕಿಡುವುದು ನ್ಯಾಯವಲ್ಲ.

ಹೊಸದಾಗಿ ಆ್ಯಪ್ ಬರೆಯಲು ಕಲಿಯುವವರಿಗೆ ಹೇಳಿಕೊಡಬೇಕಾದ ಮೊದಲ ಪಾಠಗಳಲ್ಲಿ ಇದೂ ಒಂದಾಗಬೇಕು. ಕೋಷ್ಟಕ ಬರೆಯುವ ಮೊದಲು, ಇಲ್ಲಿ ಹಾಕುತ್ತಿರುವ ಸಂಖ್ಯೆ ಎಷ್ಟು ಎಂಬುದಕ್ಕೆ ಉತ್ತರವೋ, ಎಷ್ಟನೆಯದು ಎಂಬುದಕ್ಕೋ, ಯಾವುದು ಎಂಬುದಕ್ಕೋ ಎಂದು ಕೇಳಿಕೊಳ್ಳುವುದು. ಎಷ್ಟು ಎಂಬುದನ್ನು ಬೇಕಾದಾಗ ಎಣಿಸಿಕೊಳ್ಳಬಹುದು. ಎಷ್ಟನೆಯದು ಎಂಬುದನ್ನು ತೋರಿಸುವಾಗ ಹಾಕಿಕೊಳ್ಳಬಹುದು. ಯಾವುದು ಎಂಬುದನ್ನು ಮಾತ್ರ ಒಮ್ಮೆ ಕೊಟ್ಟ ಮೇಲೆ ವಾಪಸ್ ಪಡೆಯಬಾರದು. ಕನ್ನಡದಲ್ಲಿ ಕೇಳಿಕೊಂಡರೆ ಈ ಪ್ರಶ್ನೆ ಅರ್ಧ ನಿಮಿಷದ್ದು.

ಮೊದಲ ಗ್ರಾಹಕರ ಸಂಖ್ಯೆ ಹನ್ನೊಂದಾಗಿಯೇ ಇರಲಿ. ಅದಕ್ಕಿಂತ ಹಿಂದೆ ಹತ್ತು ಇದ್ದವು, ಈಗ ಇಲ್ಲ ಎಂಬುದಷ್ಟೇ ಅದರ ಅರ್ಥ, ಅದು ನಿಜವೂ ಹೌದು. ಆ ಹನ್ನೊಂದನೆಯವರು ನಾಳೆ ಬಂದು ತಮ್ಮ ಲೆಕ್ಕ ಕೇಳಿದಾಗ ಅವರದೇ ಲೆಕ್ಕ ಸಿಗುತ್ತದೆ.